ಭಾಷಾವಿಜ್ಞಾನ ಓದಬೇಕು ಅಂತಿದೆಯಾ? ಸೇರುವ ಮೊದಲೂ ಸೇರಿದ ಮೇಲೂ ಮಾಡಬೇಕಾದ ಕೆಲಸಗಳು

ಪದವಿ ಮುಗಿಯುವ ಹೊತ್ತಿಗೆ ಕೆಲವರಿಗೆ ಕಥೆ, ಕವನಕ್ಕಿಂತ ಭಾಷೆಯೇ ಹೆಚ್ಚು ಹಿಡಿಸಿರುತ್ತದೆ. ಹುಬ್ಬಳ್ಳಿಯ ಗೆಳೆಯ 'ಬರ್ತೈತಿ' ಅಂದರೆ, ಪುತ್ತೂರಿನ ಗೆಳತಿ 'ಬರ್ತದೆ' ಅಂದರೆ ಉಳಿದವರು ಕೇಳಿ ಸುಮ್ಮನಾಗುತ್ತಾರೆ. ಇವರಿಗೆ ಮಾತ್ರ ಯಾಕೆ ಹೀಗೆ ಅಂತ ತಲೆಗೆ ಹುಳ ಬಿಟ್ಟ ಹಾಗಾಗುತ್ತದೆ. ಇಂಥವರಿಗಾಗಿಯೇ ವಿಶ್ವವಿದ್ಯಾಲಯಗಳಲ್ಲಿ ಭಾಷಾವಿಜ್ಞಾನ ಅಂತ ಒಂದು ವಿಭಾಗ ಇದೆ. ಆದರೆ ಅದರ ಬಗ್ಗೆ ಹೇಳಿಕೊಡುವವರು ಊರಲ್ಲಿ ಸಿಗುವುದು ಕಷ್ಟ. ಮನೆಯಲ್ಲಿ "ಅದನ್ನ ಓದಿ ಏನ್ ಮಾಡ್ತೀಯ?" ಅಂತ ಕೇಳುತ್ತಾರೆ. ಆ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕಬೇಡಿ. ಉತ್ತರ ಇದೆ, ಆದರೆ ಅದನ್ನು ನೀವೇ ಕಟ್ಟಿಕೊಳ್ಳಬೇಕು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕದ ವಿದ್ಯಾರ್ಥಿಗೆ ತನ್ನ ಸುತ್ತಲೇ ಸಿಗುವಷ್ಟು ಸಾಮಗ್ರಿ ಈ ವಿಷಯದಲ್ಲಿ ಬಹಳ ಕಡೆ ಸಿಗುವುದಿಲ್ಲ. ಕನ್ನಡದ ಹತ್ತಾರು ಒಳನುಡಿಗಳು, ತುಳು, ಕೊಡವ, ಬ್ಯಾರಿ, ಕೊಂಕಣಿ, ಅರೆಭಾಷೆ, ಸಂಕೇತಿ, ಲಂಬಾಣಿ, ಸೋಲಿಗ, ಜೇನುಕುರುಬ, ಕೊರಗ, ಪಟ್ಟಿ ಮುಗಿಯುವುದೇ ಇಲ್ಲ. ಇದು ನಿಮ್ಮ ಬಂಡವಾಳ. ಆದರೆ ಎಂ.ಎ. ಪದವಿಯೊಂದೇ ಕೆಲಸ ಕೊಡಿಸುವುದಿಲ್ಲ. ಮೊದಲ ಸೆಮಿಸ್ಟರಿನಿಂದಲೇ ಅದರ ಜೊತೆಗೆ ಇನ್ನೊಂದು ಕೈಕೆಲಸ ಕಲಿಯಬೇಕು. ಕೆಳಗೆ ಹೇಳುವುದೆಲ್ಲ ಈ ಎರಡು ಮಾತಿನ ವಿವರಣೆ.

ಹಂತ 1: ಇದು ನಿಮಗೆ ಒಗ್ಗುತ್ತದೆಯೇ ನೋಡಿ

ಅರ್ಜಿ ಹಾಕುವ ಮೊದಲು ಒಂದು ಕಾಗದ, ಪೆನ್ನು ಹಿಡಿದು ಕೂತುಕೊಳ್ಳಿ. 'ಯಾರಿಗೆ, ಯಾವುದಕ್ಕೆ' ಅನ್ನುವ ಅರ್ಥದ ರೂಪಗಳನ್ನು ಬರೆಯುತ್ತಾ ಹೋಗಿ. ಮನೆಗೆ, ನಾಯಿಗೆ. ಊರಿಗೆ, ಕಾಲಿಗೆ. ಹುಡುಗನಿಗೆ, ಅಕ್ಕನಿಗೆ. ಮರಕ್ಕೆ, ಹಣಕ್ಕೆ. ಎಲ್ಲದರ ಕೆಲಸ ಒಂದೇ, ರೂಪ ಮಾತ್ರ ಬೇರೆ. ಯಾವಾಗ ಯಾವುದು ಬರುತ್ತದೆ?

ಸ್ವಲ್ಪ ಹೊತ್ತು ನೋಡಿದರೆ ನಿಯಮ ಕಾಣುತ್ತದೆ. 'ಇ', 'ಎ'ಯಲ್ಲಿ ಮುಗಿದರೆ ಬರೀ '-ಗೆ'. 'ಉ'ನಲ್ಲಿ ಮುಗಿದರೆ '-ಇಗೆ'. 'ಅ'ದಲ್ಲಿ ಮುಗಿದರೆ ಎರಡು ದಾರಿ: ಮನುಷ್ಯರಾದರೆ '-ನಿಗೆ', ಅಲ್ಲದಿದ್ದರೆ '-ಕ್ಕೆ'. ಸರಿ, ಮುಗಿಯಿತು ಅಂದುಕೊಳ್ಳುವಾಗ 'ಅದು' ಅಡ್ಡ ಬರುತ್ತದೆ. ಅದು 'ಉ'ನಲ್ಲಿ ಮುಗಿಯುತ್ತದೆ, ಅಲ್ವಾ? ಹಾಗಾದರೆ 'ಅದಿಗೆ' ಆಗಬೇಕಿತ್ತು. ನಾವು ಹೇಳುವುದು 'ಅದಕ್ಕೆ'. 'ಹತ್ತು' ಕೂಡ ಹಾಗೇ, 'ಹತ್ತಕ್ಕೆ ಬಾ' ಅನ್ನುತ್ತೇವೆ. ಈಗ ನಿಯಮವನ್ನು ತಿದ್ದಬೇಕು. ಇನ್ನು 'ಸಿನಿಮಾ' ತಗೊಳ್ಳಿ. ಕೆಲವರು 'ಸಿನಿಮಾಗೆ' ಅನ್ನುತ್ತಾರೆ, ಕೆಲವರು 'ಸಿನಿಮಾಕ್ಕೆ' ಅನ್ನುತ್ತಾರೆ. ಯಾರು ಯಾವುದನ್ನು ಹೇಳುತ್ತಾರೆ? ಯಾವ ಊರಿನವರು, ಎಷ್ಟು ವಯಸ್ಸಿನವರು? 'ಕ್ಯಾಮೆರಾ'ಗೂ ಹೀಗೇ ಆಗುತ್ತದೆಯೇ?

ಇದನ್ನು ಮಾಡುವಾಗ ಹೊತ್ತು ಹೋದದ್ದು ಗೊತ್ತಾಗದಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಬೇಸರ ಬಂದರೆ ಅದೂ ಒಳ್ಳೆಯ ಸುಳಿವೇ. ನಿಮಗೆ ಇಷ್ಟ ಇರುವುದು ಸಾಹಿತ್ಯವೋ, ಹೊಸ ಭಾಷೆಗಳನ್ನು ಮಾತಾಡಲು ಕಲಿಯುವುದೋ ಇರಬಹುದು. ಅದಕ್ಕೆ ಬೇರೆ ಕೋರ್ಸುಗಳಿವೆ. ಭಾಷಾವಿಜ್ಞಾನಿ ಅಂದರೆ ಹತ್ತು ಭಾಷೆ ಬಲ್ಲವರು ಅಂತ ಜನ ತಿಳಿದಿದ್ದಾರೆ. ಬಂದರೆ ಲಾಭ, ಆದರೆ ಅದು ಬೇಕೇಬೇಕು ಅಂತಿಲ್ಲ. ಬೇಕಿರುವುದು ಸಾಮಗ್ರಿ ಕೂಡಿಸಿ, ನಿಯಮ ಊಹಿಸಿ, ಅದು ತಪ್ಪಾದರೆ ಬಿಟ್ಟು ಇನ್ನೊಂದನ್ನು ಹುಡುಕುವ ತಾಳ್ಮೆ.

ನಿಮ್ಮ ತಮ್ಮನೋ ತಂಗಿಯೋ ಇನ್ನೂ ಹೈಸ್ಕೂಲು, ಪಿಯುಸಿಯಲ್ಲಿದ್ದರೆ ಪಾಣಿನಿ ಭಾಷಾವಿಜ್ಞಾನ ಒಲಿಂಪಿಯಾಡ್ ಬಗ್ಗೆ ಹೇಳಿ. ಗೊತ್ತಿಲ್ಲದ ಭಾಷೆಯ ಹತ್ತಾರು ವಾಕ್ಯ ಕೊಟ್ಟು, ಅದರ ಒಳಗಿನ ನಿಯಮ ಬಿಡಿಸಲು ಕೇಳುವ ಸ್ಪರ್ಧೆ ಇದು. ಇಲ್ಲಿ ಗೆದ್ದವರಲ್ಲಿ ಆಯ್ದವರು ಅಂತರರಾಷ್ಟ್ರೀಯ ಒಲಿಂಪಿಯಾಡ್‌ಗೆ ಹೋಗುತ್ತಾರೆ. 2016ರಲ್ಲಿ ಆ ಅಂತರರಾಷ್ಟ್ರೀಯ ಸ್ಪರ್ಧೆ ನಡೆದದ್ದು ನಮ್ಮ ಮೈಸೂರಿನಲ್ಲೇ. ಹಳೆಯ ಪ್ರಶ್ನೆಗಳು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಎಂ.ಎ. ಸೇರುವವರೂ ಬಿಡಿಸಿ ನೋಡಬಹುದು.

ಹಂತ 2: ಎಲ್ಲಿ ಓದುವುದು

ನಮ್ಮ ದೇಶದಲ್ಲಿ ಭಾಷಾವಿಜ್ಞಾನದಲ್ಲಿ ಬಿ.ಎ. ಕೊಡುವ ಕಡೆಗಳು ಕಡಿಮೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯ, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಂಥವು ಕೆಲವು ಇವೆ. ಹಾಗಾಗಿ ಹೆಚ್ಚಿನವರು ಇಲ್ಲಿಗೆ ಬರುವುದು ಎಂ.ಎ.ಗೆ. ಬಿ.ಎ. ಕನ್ನಡ, ಇಂಗ್ಲಿಷ್, ಸಂಸ್ಕೃತ, ಮನಃಶಾಸ್ತ್ರ ಓದಿದವರು ಬರುತ್ತಾರೆ. ಬಿ.ಎಸ್ಸಿ., ಬಿ.ಇ. ಮುಗಿಸಿದವರೂ ಬರುತ್ತಾರೆ. ಗಣಿತ ಗೊತ್ತಿದ್ದವರಿಗೆ ಇಲ್ಲಿ ನಿಜವಾಗಿಯೂ ಅನುಕೂಲ ಇದೆ.

ಮೈಸೂರಿನಿಂದ ಶುರು ಮಾಡೋಣ. ಮೈಸೂರು ವಿಶ್ವವಿದ್ಯಾಲಯದ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಭಾಷಾವಿಜ್ಞಾನ ಕಲಿಸುತ್ತಾರೆ. ಆ ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಆಸುಪಾಸಿನಲ್ಲಿ ಇನ್ನೆರಡು ಸಂಸ್ಥೆಗಳಿವೆ. ಒಂದು, 1969ರಲ್ಲಿ ಶುರುವಾದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನ. ಇನ್ನೊಂದು, ಎಲ್ಲರೂ 'ಆಯಿಷ್' ಅನ್ನುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮೈಸೂರಿನಲ್ಲಿ ಓದುವವರು ಭಾಷಾ ಸಂಸ್ಥಾನದ ಗ್ರಂಥಾಲಯವನ್ನು ಬಳಸಿಕೊಳ್ಳದಿದ್ದರೆ ದೊಡ್ಡ ನಷ್ಟ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಕನ್ನಡ ಭಾಷೆಯ ಅಧ್ಯಯನಕ್ಕೆ, ದ್ರಾವಿಡ ಸಂಸ್ಕೃತಿಯ ಅಧ್ಯಯನಕ್ಕೆ ಬೇರೆ ಬೇರೆ ವಿಭಾಗಗಳಿವೆ. ಕನ್ನಡದಲ್ಲೇ ಸಂಶೋಧನೆ ಮಾಡಬೇಕು ಅನ್ನುವವರಿಗೆ ಅದು ಒಳ್ಳೆಯ ನೆಲೆ.

ಹೊರಗೆ ಹೋಗುವವರಿಗೆ ಹತ್ತಿರದ ದೊಡ್ಡ ಕೇಂದ್ರ ಹೈದರಾಬಾದ್. ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ (ಇಫ್ಲು), ಹೈದರಾಬಾದ್ ವಿಶ್ವವಿದ್ಯಾಲಯ, ಉಸ್ಮಾನಿಯಾ, ಮೂರೂ ಅಲ್ಲೇ ಇವೆ. ವಾಕ್ಯರಚನೆಯ ಸಿದ್ಧಾಂತ ಆಳವಾಗಿ ಓದಬೇಕಾದರೆ ಇಫ್ಲು ಅಥವಾ ದೆಹಲಿಯ ಜೆಎನ್‌ಯು ನೋಡಿ. ಅನುವಾದ, ಅನ್ವಯಿಕ ಭಾಷಾವಿಜ್ಞಾನ, ಕಂಪ್ಯೂಟರ್ ಕಡೆ ಒಲವಿದ್ದರೆ ಹೈದರಾಬಾದ್ ವಿಶ್ವವಿದ್ಯಾಲಯ. ಪುಣೆಯ ಡೆಕ್ಕನ್ ಕಾಲೇಜು ಈ ವಿಷಯದಲ್ಲಿ ದೇಶದ ಹಳೆಯ ಮನೆ. 1948ರಲ್ಲಿ ಅಲ್ಲಿ ಶುರುವಾದ ಬೃಹತ್ ಸಂಸ್ಕೃತ ನಿಘಂಟಿನ ಕೆಲಸ ಈಗಲೂ ನಡೆಯುತ್ತಿದೆ. ದ್ರಾವಿಡ ಭಾಷೆಗಳ ಹೋಲಿಕೆಗೆ ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯಕ್ಕೆ ಹಿಂದಿನಿಂದಲೂ ಹೆಸರಿದೆ.

ಪಿಯುಸಿಯಲ್ಲಿ ಗಣಿತ ಓದಿದವರಿಗೆ ಇನ್ನೊಂದು ದಾರಿ ಇದೆ. ಹೈದರಾಬಾದಿನ ಐಐಐಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಟೆಕ್. ಜೊತೆಗೇ ಗಣಕ ಭಾಷಾವಿಜ್ಞಾನದಲ್ಲಿ (ಕಂಪ್ಯೂಟರಿನಿಂದ ಭಾಷೆಯನ್ನು ಬಿಡಿಸಿ ನೋಡುವ ವಿಷಯ) ಸಂಶೋಧನಾ ಎಂ.ಎಸ್. ಸಿಗುವ 5 ವರ್ಷದ ಕೋರ್ಸಿದೆ. ಪಿಯುಸಿ ಮುಗಿದಾಗಲೇ ಗೊತ್ತಿದ್ದರೆ ಇದಕ್ಕೆ ಪ್ರಯತ್ನಿಸುವುದು ಜಾಣತನ.

ಜಾಗ ಆರಿಸುವಾಗ ಹೆಸರು ನೋಡಿ ಮರುಳಾಗಬೇಡಿ. ವಿಭಾಗದ ಪುಟಕ್ಕೆ ಹೋಗಿ, ಅಲ್ಲಿ ಕಾಯಂ ಅಧ್ಯಾಪಕರು ಎಷ್ಟು ಜನ, ಅವರು ಈಚೆಗೆ ಏನು ಬರೆದಿದ್ದಾರೆ, ಕ್ಷೇತ್ರಕಾರ್ಯಕ್ಕೆ, ಅಂದರೆ ಜನರ ಹತ್ತಿರ ಹೋಗಿ ಅವರ ಮಾತನ್ನು ದಾಖಲಿಸುವುದಕ್ಕೆ, ವಿದ್ಯಾರ್ಥಿಗಳನ್ನು ಕರೆದೊಯ್ಯುತ್ತಾರೆಯೇ, ಧ್ವನಿ ಪ್ರಯೋಗಾಲಯ ಇದೆಯೇ ಅಂತ ನೋಡಿ. ಎರಡನೇ ವರ್ಷದ ಯಾರನ್ನಾದರೂ ಹುಡುಕಿ ಮಾತಾಡಿಸಿ. ಅವರು ಹತ್ತು ನಿಮಿಷದಲ್ಲಿ ಹೇಳುವುದು ಯಾವ ಕೈಪಿಡಿಯಲ್ಲೂ ಇರುವುದಿಲ್ಲ.

ಹಂತ 3: ಪ್ರವೇಶ

ಜೆಎನ್‌ಯು, ಹೈದರಾಬಾದ್, ದೆಹಲಿ ವಿಶ್ವವಿದ್ಯಾಲಯಗಳಂಥ ಕೇಂದ್ರೀಯ ಸಂಸ್ಥೆಗಳಿಗೆ ಸಿಯುಇಟಿ-ಪಿಜಿ ಅನ್ನುವ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ನಮ್ಮವರು ಎಡವುವುದು ಇಲ್ಲೇ. ಈಚಿನ ವರ್ಷಗಳಲ್ಲಿ ಇದರ ಅರ್ಜಿ ಡಿಸೆಂಬರ್-ಜನವರಿಯಲ್ಲೇ ಕರೆಯುತ್ತಾರೆ, ಪರೀಕ್ಷೆ ಮಾರ್ಚ್‌ನಲ್ಲಿ ನಡೆಯುತ್ತದೆ. ಪದವಿಯ ಫಲಿತಾಂಶ ಬರಲಿ, ಆಮೇಲೆ ನೋಡೋಣ ಅಂತ ಕೂತರೆ ಒಂದು ವರ್ಷ ಹೋಯಿತು. ಕೊನೆಯ ವರ್ಷದಲ್ಲಿ ಓದುತ್ತಿರುವಾಗಲೇ ಅರ್ಜಿ ಹಾಕಬಹುದು. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ ಫಲಿತಾಂಶದ ನಂತರ ನಡೆಯುತ್ತದೆ, ಅದನ್ನು ಎರಡನೇ ಆಯ್ಕೆಯಾಗಿ ಇಟ್ಟುಕೊಳ್ಳಿ.

ಹಂತ 4: ಸೇರಿದ ಮೇಲೆ ಹೇಗೆ ಓದುವುದು

ಮೊದಲ ವರ್ಷ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಬಾಯಲ್ಲಿ ಸದ್ದು ಹುಟ್ಟುವ ಬಗೆ, ಒಂದು ಭಾಷೆಯಲ್ಲಿ ಸದ್ದುಗಳು ಸೇರುವ ಬಗೆ, ಪದರಚನೆ, ವಾಕ್ಯರಚನೆ, ಅರ್ಥ, ಭಾಷೆಗಳ ಚರಿತ್ರೆ, ಭಾಷೆ ಮತ್ತು ಸಮಾಜ.

ಪುಸ್ತಕಗಳಲ್ಲಿ ಉದಾಹರಣೆಗಳು ಹೆಚ್ಚಾಗಿ ಇಂಗ್ಲಿಷಿನವು. ಪ್ರತಿ ಪಾಠವನ್ನೂ ನಿಮ್ಮ ಮನೆಮಾತಿಗೆ ಹಚ್ಚಿ ನೋಡಿ. ಚರಿತ್ರೆಯ ಪಾಠದಲ್ಲಿ ಸದ್ದು ಬದಲಾಗುವುದರ ಬಗ್ಗೆ ಬಂತೇ? ತಮಿಳಿನ 'ಪುಲಿ', ತುಳುವಿನ 'ಪಿಲಿ', ಕನ್ನಡದ 'ಹುಲಿ' ಪಕ್ಕಪಕ್ಕ ಬರೆಯಿರಿ. ಆಮೇಲೆ ಹಳಗನ್ನಡದ 'ಪಾಲ್' ಮತ್ತು ಈಗಿನ 'ಹಾಲು', 'ಪೂ' ಮತ್ತು 'ಹೂ'. ಪದದ ಮೊದಲಿನ 'ಪ' ನಮ್ಮಲ್ಲಿ ಮಾತ್ರ 'ಹ' ಆಗಿದೆ, ಅದೂ ಹಳಗನ್ನಡದ ನಂತರ. ಭಾಷೆಗಳು ಅಕ್ಕಪಕ್ಕ ಇದ್ದು ಒಂದರ ಗುಣ ಇನ್ನೊಂದಕ್ಕೆ ಹತ್ತುವ ಪಾಠ ಬಂದಾಗ 'ಕಾಫಿ ಗೀಫಿ' ನೆನಪಿಸಿಕೊಳ್ಳಿ. ಹಿಂದಿಯವರು 'ಚಾಯ್ ವಾಯ್' ಅನ್ನುತ್ತಾರೆ. ಬೇರೆ ಬೇರೆ ಕುಟುಂಬದ ಭಾಷೆಗಳಲ್ಲಿ ಇಂಥ ಸಮಾನ ಗುಣಗಳಿರುವುದನ್ನು ತೋರಿಸಿ, ಭಾರತ ಒಂದು ಭಾಷಾವಲಯ ಅಂತ ಎಮಿನೋ 1956ರಲ್ಲಿ ವಾದಿಸಿದರು. ಕೊಡವ ಭಾಷೆಯ ಮೇಲೂ ಕೆಲಸ ಮಾಡಿದ ವಿದ್ವಾಂಸರು ಅವರು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಪಾಠ, ಪರೀಕ್ಷೆ ಬಹುತೇಕ ಇಂಗ್ಲಿಷಿನಲ್ಲೇ ಇರುತ್ತದೆ. ಮೊದಲ ಎರಡು ಮೂರು ತಿಂಗಳು ಸುಸ್ತಾಗುತ್ತದೆ. ಪಾರಿಭಾಷಿಕ ಪದಗಳಿಗೆ ಒಂದು ನೋಟ್‌ಬುಕ್ ಇಡಿ: ಎಡಕ್ಕೆ ಪದ, ಬಲಕ್ಕೆ ನಿಮ್ಮದೇ ಕನ್ನಡದಲ್ಲಿ ವಿವರಣೆ, ಕೆಳಗೆ ನಿಮ್ಮ ಊರಮಾತಿನ ಒಂದು ಉದಾಹರಣೆ. ಸಿದ್ಧಾಂತವನ್ನು ಇಂಗ್ಲಿಷಿನಲ್ಲಿ ಚೆನ್ನಾಗಿ ಹೇಳುವ ಸಹಪಾಠಿಗೆ ಆ ಮೂರನೇ ಸಾಲು ಬರೆಯಲು ಆಗದಿರಬಹುದು. ನಿಮಗೆ ಆಗುತ್ತದೆ. ಹಳ್ಳಿಯ ಮಾತು ಅಂತ ನೀವು ನಾಚಿ ಬಿಟ್ಟ ರೂಪಗಳೇ ತರಗತಿಯಲ್ಲಿ ಎಲ್ಲರಿಗಿಂತ ಬೆಲೆಬಾಳುವ ಸಾಮಗ್ರಿ. ದಯವಿಟ್ಟು ಅದನ್ನು ಮರೆಯಬೇಡಿ.

ಕನ್ನಡದ ಸಣ್ಣ ವಿಷಯ ಇಡೀ ಜಗತ್ತಿಗೆ ಉಪಯೋಗವಾದ ಉದಾಹರಣೆ ಕೊಡುತ್ತೇನೆ. 'ಕರಗು' ಮತ್ತು 'ಕರಗಿಸು' ನೋಡಿ. 'ಇಸು' ಸೇರಿದರೆ ಯಾರೋ ಆ ಕೆಲಸ ಮಾಡಿಸಿದರು ಅಂತ. 2003ರಲ್ಲಿ ಜೆಫ್ರಿ ಲಿಡ್ಜ್ ಮತ್ತು ಜೊತೆಗಾರರು 3 ವರ್ಷದ ಕನ್ನಡ ಮಕ್ಕಳ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಮಕ್ಕಳು ವಾಕ್ಯವನ್ನು ಆಟಿಕೆಗಳಿಂದ ಆಡಿ ತೋರಿಸಬೇಕಿತ್ತು. ದೊಡ್ಡವರಿಗೆ 'ಇಸು' ಅನ್ನುವುದೇ ಸ್ಪಷ್ಟ ಸುಳಿವು. ಮಕ್ಕಳು ಮಾತ್ರ ಅದಕ್ಕಿಂತ ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಅನ್ನುವುದನ್ನೇ ನಂಬಿದರು: ಎರಡಿದ್ದರೆ ಯಾರೋ ಮಾಡಿಸಿದರು ಅಂತ ಆಡಿ ತೋರಿಸಿದರು. ಮಗು ಭಾಷೆಯನ್ನು ಕೇಳಿದ್ದರಿಂದಷ್ಟೇ ಕಲಿಯುತ್ತದೆಯೋ, ಹುಟ್ಟುವಾಗಲೇ ಏನನ್ನಾದರೂ ತರುತ್ತದೆಯೋ ಅನ್ನುವ ದೊಡ್ಡ ಚರ್ಚೆಗೆ ಕನ್ನಡವೇ ಬೇಕಾಯಿತು. ಇಂಗ್ಲಿಷಿನಲ್ಲಿ 'ಇಸು'ವಿನಂಥ ಕ್ರಮಬದ್ಧ ಪ್ರತ್ಯಯ ಇಲ್ಲ.

ಹಂತ 5: ಒಂದು ಕ್ಷೇತ್ರಕಾರ್ಯ ಮಾಡಿ, ಚಿಕ್ಕದಾದರೂ ಸರಿ

ಇದಕ್ಕೆ ಯಾರ ಅನುದಾನಕ್ಕೂ ಕಾಯಬೇಕಿಲ್ಲ. ರಜೆಗೆ ಊರಿಗೆ ಹೋದಾಗ ಶುರು ಮಾಡಿ. ಅಜ್ಜಿಯ ಮಾತಾಗಬಹುದು, ಪಕ್ಕದ ಕೇರಿಯ ಮಾತಾಗಬಹುದು.

ಮೊದಲು ಅನುಮತಿ. ಯಾಕೆ ರೆಕಾರ್ಡ್ ಮಾಡುತ್ತೀರಿ, ಎಲ್ಲಿ ಇಡುತ್ತೀರಿ, ಯಾರು ಕೇಳುತ್ತಾರೆ, ಬೇಡ ಅನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು, ಇಷ್ಟನ್ನೂ ಅವರ ಭಾಷೆಯಲ್ಲೇ ಹೇಳಿ. ಅವರ ಒಪ್ಪಿಗೆಯನ್ನು ರೆಕಾರ್ಡಿಂಗಿನ ಮೊದಲಲ್ಲೇ ಸೇರಿಸಿ. ಕೂಲಿ ಬಿಟ್ಟು ನಿಮ್ಮ ಜೊತೆ ಕೂತವರಿಗೆ ಆ ಹೊತ್ತಿನ ಹಣ ಕೊಡಬೇಕು. ರೆಕಾರ್ಡಿಂಗಿನ ಪ್ರತಿಯನ್ನೂ ಕೊಡಬೇಕು. ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ.

ಫೋನಿನಲ್ಲೇ ರೆಕಾರ್ಡ್ ಮಾಡಿದರೂ ಎಂಪಿ3 ಬೇಡ, ವೇವ್ ಫೈಲ್ ಇರಲಿ. ಎಂಪಿ3 ಕೆಲವು ವಿವರಗಳನ್ನು ಬಿಸಾಡಿ ಫೈಲನ್ನು ಚಿಕ್ಕದು ಮಾಡುತ್ತದೆ, ಮುಂದೆ ಸದ್ದನ್ನು ಅಳೆಯುವಾಗ ತೊಂದರೆ. ಫ್ಯಾನ್ ಆರಿಸಿ. ಫೈಲಿಗೆ ದಿನಾಂಕ, ಊರು, ಭಾಷೆ ಇರುವ ಹೆಸರು ಅವತ್ತೇ ಕೊಡಿ. ಶುರುವಿಗೆ ಸ್ವಾಡೆಶ್ ಪಟ್ಟಿ ಅನ್ನುವ 207 ಮೂಲ ಪದಗಳ ಪಟ್ಟಿ ಸಾಕು: ನೀರು, ಬೆಂಕಿ, ಕಣ್ಣು, ತಿನ್ನು, ಇಂಥವು. ಆಮೇಲೆ ಸಣ್ಣ ವಾಕ್ಯಗಳು. ಕೊನೆಗೆ ಒಂದು ಕಥೆ, ಇಲ್ಲವೇ ಅಡುಗೆ ಮಾಡುವ ಬಗೆ. ಪದಪಟ್ಟಿಯಲ್ಲಿ ಬಾರದ ಎಷ್ಟೋ ರೂಪಗಳು ಕಥೆ ಹೇಳುವಾಗ ತಾವಾಗಿ ಹೊರಬರುತ್ತವೆ.

ಒಂದು ಎಚ್ಚರಿಕೆ. "'ನಾನು ಬಂದೆ' ಅನ್ನೋದಕ್ಕೆ ಏನಂತೀರಿ?" ಅಂತ ಕೇಳಿದರೆ, ಎದುರಿನವರು 'ನೀನು ಬಂದೆ' ಅನ್ನುವುದರ ರೂಪ ಹೇಳಿಬಿಡುತ್ತಾರೆ. ಯಾಕೆಂದರೆ ಬಂದದ್ದು ನೀವು! ಸರ್ವನಾಮಗಳನ್ನು ಯಾವಾಗಲೂ ಇನ್ನೊಂದು ವಾಕ್ಯದಿಂದ ಪರೀಕ್ಷಿಸಿ. 'ಶುದ್ಧ'ವಾಗಿ ಹೇಳಿ ಅಂತ ಯಾರನ್ನೂ ತಿದ್ದಬೇಡಿ. ತಿದ್ದಿದ ಕೂಡಲೇ ಅವರು ನಿಮಗೋಸ್ಕರ ಪುಸ್ತಕದ ಭಾಷೆ ಆಡಲು ಶುರು ಮಾಡುತ್ತಾರೆ, ನಿಮ್ಮ ಕೆಲಸ ಅಲ್ಲಿಗೆ ಕೆಟ್ಟಿತು.

ಸದ್ದು ಅಳೆಯಲು ಪ್ರಾಟ್, ರೆಕಾರ್ಡಿಂಗಿನ ಜೊತೆಜೊತೆಗೇ ಬರೆದುಕೊಳ್ಳಲು ಎಲಾನ್, ನಿಘಂಟು ಕಟ್ಟಲು ಫ್ಲೆಕ್ಸ್. ಮೂರೂ ಉಚಿತ. ಇವುಗಳಲ್ಲಿ ಕೈ ಪಳಗಿದ್ದರೆ ಯಾವ ಯೋಜನೆಯ ಸಂದರ್ಶನದಲ್ಲೂ ನಿಮ್ಮ ಮಾತಿಗೆ ತೂಕ ಬರುತ್ತದೆ.

ಇಂಥ ಕೆಲಸ ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ಡಿ.ಎನ್. ಶಂಕರ ಭಟ್ಟರನ್ನು ನೋಡಿ. 1971ರಲ್ಲಿ ಅವರು ಕರಾವಳಿಯ ಕೊರಗ ಭಾಷೆಯ ವ್ಯಾಕರಣ ಪ್ರಕಟಿಸಿದರು. 2004ರಲ್ಲಿ ಜಗತ್ತಿನ ನೂರಾರು ಭಾಷೆಗಳ ಸರ್ವನಾಮಗಳನ್ನು ಹೋಲಿಸಿದ ಅವರ ಪುಸ್ತಕ ಆಕ್ಸ್‌ಫರ್ಡ್‌ನಿಂದ ಬಂತು.

ಹಂತ 6: ಕೆಲಸದ ದಾರಿಗಳು, ಒಂದೊಂದಕ್ಕೂ ಬೇಕಾದ್ದು

ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುವುದಕ್ಕೆ ಯುಜಿಸಿ-ನೆಟ್ ಅನ್ನುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ, ಇಲ್ಲವೇ ರಾಜ್ಯದ ಕೆ-ಸೆಟ್ ಬೇಕು. ಭಾಷಾವಿಜ್ಞಾನ ನೆಟ್ ಪರೀಕ್ಷೆಯಲ್ಲಿ ಪ್ರತ್ಯೇಕ ವಿಷಯ. ಎರಡು ಪತ್ರಿಕೆ, ಒಟ್ಟು 300 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಜೆಆರ್‌ಎಫ್ (ನೆಟ್‌ನಲ್ಲಿ ಹೆಚ್ಚು ಅಂಕ ಬಂದವರಿಗೆ ಸಿಗುವ ಸಂಶೋಧನಾ ವೇತನ) ಬಂದರೆ ಪಿಎಚ್‌.ಡಿ.ಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000. ಇದು 2023ರಿಂದ ಜಾರಿಗೆ ಬಂದ ಮೊತ್ತ. ಸಹಾಯಕ ಪ್ರಾಧ್ಯಾಪಕರ ಮೂಲ ವೇತನ 57,700ರಿಂದ ಶುರುವಾಗುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಕಾಯಂ ಹುದ್ದೆಗಳು ತೀರಾ ಕಡಿಮೆ, ನಡುವೆ ವರ್ಷಗಟ್ಟಲೆ ಅತಿಥಿ ಉಪನ್ಯಾಸಕರಾಗಿ ಇರಬೇಕಾಗಬಹುದು. ಬಿ.ಎ.ಯಲ್ಲಿ ಕನ್ನಡ ಓದಿದ್ದರೆ ಕನ್ನಡ ಎಂ.ಎ. ಕೂಡ ಮಾಡಿಕೊಳ್ಳುವುದು ಒಳ್ಳೆಯದು ಅಂತ ನನ್ನ ಸಲಹೆ. ಕನ್ನಡ ವಿಭಾಗಗಳು ಬಹಳ ಇವೆ.

ಈಗ ಬೇಗ ಬೆಳೆಯುತ್ತಿರುವುದು ಭಾಷಾ ತಂತ್ರಜ್ಞಾನ. ಭಾರತೀಯ ಭಾಷೆಗಳ ಯಂತ್ರಾನುವಾದಕ್ಕಾಗಿ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಲ್ಲಿ ಶುರುವಾಯಿತು. ಐಐಟಿ ಮದ್ರಾಸಿನ ಎಐ4ಭಾರತ್ ಅನುವಾದ, ಮಾತು ಗುರುತಿಸುವ ತಂತ್ರಾಂಶ ಕಟ್ಟುತ್ತಿದೆ. ಬೆಂಗಳೂರಿನ ಐಐಎಸ್‌ಸಿಯ ವಾಣಿ ಯೋಜನೆ ಜಿಲ್ಲೆ ಜಿಲ್ಲೆಯ ಮಾತನ್ನು ಕೂಡಿಸುತ್ತಿದೆ. ಮೈಸೂರಿನ ಭಾಷಾ ಸಂಸ್ಥಾನದಲ್ಲೂ ಭಾಷಾ ದತ್ತಾಂಶ ಸಿದ್ಧಪಡಿಸುವ ಯೋಜನೆ ಇದೆ. ಧಾರವಾಡದವರ ಮಾತನ್ನು ಯಂತ್ರ ತಪ್ಪು ಕೇಳಿಸಿಕೊಂಡರೆ ಅದು ಯಾಕೆ ಅಂತ ಹೇಳಬಲ್ಲವರು ಅಲ್ಲೆಲ್ಲ ಬೇಕು. ಆದರೆ ಭಾಷೆ ಮಾತ್ರ ಗೊತ್ತಿದ್ದರೆ ದತ್ತಾಂಶಕ್ಕೆ ಗುರುತು ಹಾಕುವ ತಾತ್ಕಾಲಿಕ ಕೆಲಸಕ್ಕೇ ನಿಲ್ಲಬೇಕಾಗುತ್ತದೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ, ಸಂಖ್ಯಾಶಾಸ್ತ್ರದ ಮೊದಲ ಪಾಠಗಳನ್ನು ಕಲಿಯಿರಿ. ಕಲಾ ವಿಭಾಗದವರಿಗೆ ಇದು ಬರುವುದಿಲ್ಲ ಅನ್ನುವ ಮಾತನ್ನು ನಂಬಬೇಡಿ. ಎರಡು ವರ್ಷ ದಿನಕ್ಕೊಂದು ಗಂಟೆ ಕೊಟ್ಟರೆ ಸಾಕಷ್ಟು ಬರುತ್ತದೆ.

ಅಳಿವಿನಂಚಿನ ಭಾಷೆಗಳ ದಾಖಲೆಯಲ್ಲಿ ಹಣ ಕಡಿಮೆ, ತೃಪ್ತಿ ಜಾಸ್ತಿ. 10,000ಕ್ಕಿಂತ ಕಡಿಮೆ ಜನ ಆಡುವ ಭಾಷೆಗಳಿಗೆ ಕೇಂದ್ರ ಸರ್ಕಾರದ ಯೋಜನೆಯೊಂದಿದೆ, ಅದನ್ನು ನಡೆಸುವುದೂ ಮೈಸೂರಿನ ಸಂಸ್ಥಾನವೇ. ಜನಗಣತಿಯ ಭಾಷಾ ವಿಭಾಗ ಕೋಲ್ಕತ್ತದಲ್ಲಿದೆ. ಅಲ್ಲಿನ ಕೆಲಸ ಸಣ್ಣದಲ್ಲ. 2011ರ ಗಣತಿಯಲ್ಲಿ ಜನ ಬರೆಸಿದ 19,569 ಮಾತೃಭಾಷೆಯ ಹೆಸರುಗಳನ್ನು ಜಾಲಾಡಿ ವಿಂಗಡಿಸಬೇಕಾಯಿತು.

ನಿಘಂಟು, ಅನುವಾದ, ತಂತ್ರಾಂಶಗಳ ಕನ್ನಡೀಕರಣ, ಹೊರಗಿನಿಂದ ಬಂದವರಿಗೆ ಕನ್ನಡ ಕಲಿಸುವುದು, ಇವು ಪೂರ್ಣಾವಧಿ ಕೆಲಸವಾಗಿಯೂ ಬಿಡಿ ಕೆಲಸವಾಗಿಯೂ ಸಿಗುತ್ತವೆ.

ಒಂದು ತಪ್ಪು ತಿಳಿವಳಿಕೆ ಮಾತ್ರ ಬೇಡ. ಮಾತಿನ ತೊಂದರೆ ಇರುವವರಿಗೆ ಚಿಕಿತ್ಸೆ ಕೊಡಲು ಭಾಷಾವಿಜ್ಞಾನದ ಎಂ.ಎ. ಸಾಕಾಗುವುದಿಲ್ಲ. ಅದಕ್ಕೆ ಆಯಿಷ್‌ನಂಥ ಕಡೆ ಪಿಯುಸಿ ವಿಜ್ಞಾನದ ನಂತರ ಸೇರುವ ಬೇರೆಯೇ ಪದವಿ ಬೇಕು, ಆಮೇಲೆ ನೋಂದಣಿ ಆಗಬೇಕು. ಆ ಕ್ಷೇತ್ರದ ಸಂಶೋಧನೆಯಲ್ಲಿ ಭಾಷಾವಿಜ್ಞಾನಿಗಳು ಕೈಜೋಡಿಸಬಹುದು, ಅಷ್ಟೆ.

ಐಎಎಸ್ ಕನಸಿದ್ದವರಿಗೆ: ಯುಪಿಎಸ್‌ಸಿ ಐಚ್ಛಿಕ ವಿಷಯಗಳಲ್ಲಿ ಭಾಷಾವಿಜ್ಞಾನ ಇಲ್ಲ. ಆದರೆ ಕನ್ನಡ ಸಾಹಿತ್ಯದ ಮೊದಲ ಪತ್ರಿಕೆಯಲ್ಲಿ ಭಾಷೆಯ ಲಕ್ಷಣ, ದ್ರಾವಿಡ ಭಾಷೆಗಳ ಹೋಲಿಕೆ, ಕನ್ನಡದ ಬೆಳವಣಿಗೆಯ ಹಂತಗಳು, ಉಪಭಾಷೆಗಳು ಬರುತ್ತವೆ. ಆ ಭಾಗ ನಿಮಗೆ ಸಲೀಸು.

ವಿದೇಶದಲ್ಲಿ ಪಿಎಚ್‌.ಡಿ. ಮಾಡುವ ಮನಸ್ಸಿದ್ದರೆ ಎಂ.ಎ. ಎರಡನೇ ವರ್ಷಕ್ಕೆ ಮುಂಚೆಯೇ ತಯಾರಾಗಿ. ಅಮೆರಿಕದ ಒಳ್ಳೆಯ ವಿಭಾಗಗಳಲ್ಲಿ ಸುಮಾರು 5 ವರ್ಷ ಶುಲ್ಕ ವಿನಾಯಿತಿ, ಜೊತೆಗೆ ಖರ್ಚಿಗೆ ವೇತನ ಸಿಗುತ್ತದೆ, ಬದಲಿಗೆ ಪಾಠ ಮಾಡಬೇಕು. ಮೈಸೂರಿನ ಎ.ಕೆ. ರಾಮಾನುಜನ್ ಇಂಡಿಯಾನಾ ವಿಶ್ವವಿದ್ಯಾಲಯದಿಂದ 1963ರಲ್ಲಿ ಪಡೆದ ಡಾಕ್ಟರೇಟ್ ಭಾಷಾವಿಜ್ಞಾನದ್ದೇ. ಅಂಕಪಟ್ಟಿಗಿಂತ ಅಲ್ಲಿನ ವಿಭಾಗದವರು ಗಮನಿಸಿ ಓದುವುದು ನೀವು ಬರೆದ ಒಂದು ಮಾದರಿ ಲೇಖನವನ್ನು. 15-20 ಪುಟ ಸಾಕು. ದೊಡ್ಡ ಸಿದ್ಧಾಂತದ ಸಾರಾಂಶ ಕಳಿಸಬೇಡಿ. ನಿಮ್ಮ ಊರಮಾತಿನ ಒಂದೇ ಪ್ರಶ್ನೆ ತಗೊಂಡು, ನೀವೇ ಕೂಡಿಸಿದ ಸಾಮಗ್ರಿ ಇಟ್ಟು, ಕೊನೆಯ ತನಕ ವಾದಿಸಿ. ಅರ್ಜಿಗಳ ಗಡುವು ಹೆಚ್ಚಿನ ಕಡೆ ಡಿಸೆಂಬರ್, ಹಾಗಾಗಿ ಆ ಲೇಖನದ ಮೊದಲ ಕರಡು ಜುಲೈ ಹೊತ್ತಿಗೆ ನಿಮ್ಮ ಅಧ್ಯಾಪಕರ ಕೈಯಲ್ಲಿರಬೇಕು. ಶಿಫಾರಸು ಪತ್ರ ಬರೆಯುವವರೂ ಅವರೇ. ಅವರಿಗೂ ಓದಲು, ತಿದ್ದಲು, ನಿಮ್ಮ ಕೆಲಸವನ್ನು ಅರಿತು ಬರೆಯಲು ಸಮಯ ಬೇಕು.